ಡಿಸೆಂಬರ್ ರಜೆ: ಪಕ್ಕದ ಸೀಟು ಯಾರಿಗೆ?

ಡಿಸೆಂಬರ್ ಅರ್ಧ ಕಳೆಯಿತೆಂದರೆ ನಮ್ಮ ಹಿರಿಯರಿಗೆ ಧನುರ್ಮಾಸ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಬೆಳಗಿನ ಜಾವ ದೇವಸ್ಥಾನದಲ್ಲಿ ಬಿಸಿಬಿಸಿ ಹುಗ್ಗಿ ಸಿಕ್ಕರೆ ಅದೇ ಭಾಗ್ಯ. ಆದರೆ ಗಾಂಧಿನಗರದ ಪಂಚಾಂಗವೇ ಬೇರೆ ಸ್ವಾಮಿ! ಶುಭಕಾರ್ಯಕ್ಕೆ ಬೇಡವಾದ ಈ ದಿನಗಳೇ ಅಲ್ಲಿ ಬಿಡುಗಡೆಗೆ ಬೇಕು.

ಬೇಕಿದ್ದರೆ ಲೆಕ್ಕ ಹಾಕಿ. ‘ಮುಂಗಾರು ಮಳೆ’ ತೆರೆ ಕಂಡದ್ದು ೨೦೦೬ರ ಡಿಸೆಂಬರ್ ೨೯ರಂದು. ಮುಂಗಾರಿಗೂ ಡಿಸೆಂಬರಿಗೂ ಏನಯ್ಯಾ ಸಂಬಂಧ ಅಂತ ಕೇಳಬೇಡಿ. ಚಳಿಯಲ್ಲಿ ಶುರುವಾದ ಆ ಮಳೆ ವರ್ಷ ಕಳೆದರೂ ನಿಲ್ಲಲಿಲ್ಲ! ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂದದ್ದು ೨೦೧೪ರ ಕ್ರಿಸ್‌ಮಸ್ ದಿನ. ‘ಕೆಜಿಎಫ್’ ಮೊದಲ ಭಾಗ ಐದು ಭಾಷೆಗಳಲ್ಲಿ ಅಬ್ಬರಿಸಿದ್ದು ೨೦೧೮ರ ಡಿಸೆಂಬರ್ ೨೧ಕ್ಕೆ. ‘ಅವನೇ ಶ್ರೀಮನ್ನಾರಾಯಣ’ ೨೦೧೯ರ ಡಿಸೆಂಬರ್ ೨೭, ‘ವೇದ’ ೨೦೨೨ರ ಡಿಸೆಂಬರ್ ೨೩, ‘ಮ್ಯಾಕ್ಸ್’ ೨೦೨೪ರ ಡಿಸೆಂಬರ್ ೨೫. ಸಂಕ್ರಾಂತಿಗೆ ತೆಲುಗು, ತಮಿಳಿನ ದೊಡ್ಡ ದೊಡ್ಡ ಚಿತ್ರಗಳು ಲಾರಿಯ ಹಾಗೆ ನುಗ್ಗುವ ಮೊದಲು ಎರಡು ಮೂರು ವಾರ ಗಲ್ಲಾಪೆಟ್ಟಿಗೆ ತುಂಬಿಸಿಕೊಳ್ಳೋಣ ಎಂಬ ಲೆಕ್ಕಾಚಾರ ನಿರ್ಮಾಪಕರದ್ದು.

ಆ ಗಲ್ಲಾ ತುಂಬಿಸುವವರು ಯಾರು? ನೀವೇ ಗೆಳೆಯರೇ! ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಕಿಟಕಿ ಪಕ್ಕ ಕೂತು, ಬಸ್ಸು ಮೆಜೆಸ್ಟಿಕ್ ಬಿಡುವ ಮೊದಲೇ ಅರ್ಧ ಓದಿ ಮುಗಿಸುವ ನೀವು. ವರ್ಷವಿಡೀ ದುಡಿದು, ಉಳಿದ ರಜೆ ಡಿಸೆಂಬರ್ ೩೧ಕ್ಕೆ ಲ್ಯಾಪ್ಸ್ ಆಗುತ್ತದಲ್ಲಾ ಅಂತ ಊರಿನ ಕಡೆ ಮುಖ ಮಾಡುವವರು. ಆ ನಾಲ್ಕು ದಿನದಲ್ಲಿ ಮನೆಯೂ ಆಗಬೇಕು, ನೆಂಟರೂ ಆಗಬೇಕು, ಸಿನಿಮಾವೂ ಆಗಬೇಕು. ಈ ವಾರ ಆ ನಾಲ್ಕು ದಿನದ ಮಾತು.

ಹೀರೋ ಪರಿಚಯ

ನನ್ನ ರೂಮ್‌ಮೇಟ್ ಒಬ್ಬನಿದ್ದಾನೆ. ಹೆಸರು ಬೇಡ, ‘ನಮ್ಮ ಹೀರೋ’ ಎನ್ನೋಣ. ಇಬ್ಬರದ್ದೂ ತಿಪಟೂರು, ಇಬ್ಬರೂ ಒಂದೇ ಹೈಸ್ಕೂಲು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದೆ. ಅವನು ಬಿಡದೆ ಓದಿ ಸಾಫ್ಟ್‌ವೇರ್ ಎಂಜಿನಿಯರ್ ಆದ. ಬಿಡಿ ಬರಹಗಾರನಾದ ನನಗೆ ರಜೆಯೆಂಬುದೇ ಇಲ್ಲ. ಅವನಿಗೆ ರಜೆ ಇದೆ, ತೆಗೆದುಕೊಳ್ಳಲು ಪುರಸೊತ್ತಿಲ್ಲ. ಒಟ್ಟಿನಲ್ಲಿ ಲೆಕ್ಕ ಸಮ!

ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಕೂರಿಸುವ ಕೆಲಸ ಅವನದ್ದು. ಹೀಗಾಗಿ ತಿಂಗಳಿಗೆರಡು ಸಲ ಆಫೀಸಿನ ಟೂರು. ಇಂದು ಪುಣೆ, ನಾಳೆ ಚೆನ್ನೈ, ನಾಡಿದ್ದು ಹುಬ್ಬಳ್ಳಿ. ತಮಾಷೆ ನೋಡಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ತುಮಕೂರು ದಾಟಿ ತಿಪಟೂರಿನ ಮೇಲೇ ಹಾಯ್ದು ಅರಸೀಕೆರೆ, ಬೀರೂರು, ದಾವಣಗೆರೆ ಹಿಡಿಯುತ್ತದೆ. ಅಂದರೆ ವರ್ಷಕ್ಕೆ ಹತ್ತಾರು ಸಲ ನಮ್ಮ ಹೀರೋ ತನ್ನ ಹೆತ್ತವರ ಮನೆಯಿಂದ ಕೂಗಳತೆಯಲ್ಲಿ ಹಾದು ಹೋಗುತ್ತಾನೆ. ಆಗ ಅವನು ಅಪ್ಪರ್ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ!

ಟೂರಿನಲ್ಲಿ ಮನರಂಜನೆ ಏನಪ್ಪಾ ಅಂದರೆ ಒಂಟಿ ಸಿನಿಮಾ. ೨೦೨೨ರ ಅಕ್ಟೋಬರಿನಲ್ಲಿ ಪುಣೆಯ ಮಾಲ್ ಒಂದರಲ್ಲಿ ‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಿ ಬಂದ. ‘ಹೇಗಿತ್ತೋ?’ ಅಂದೆ. ‘ಕ್ಲೈಮ್ಯಾಕ್ಸಿನಲ್ಲಿ ಮೈಯೆಲ್ಲಾ ಜುಮ್ಮೆಂದಿತು ಕಣೋ. ಪಕ್ಕದವರ ಕೈ ಗಟ್ಟಿಯಾಗಿ ಹಿಡ್ಕೋಬೇಕು ಅನ್ನಿಸ್ತು. ತಿರುಗಿ ನೋಡಿದರೆ ಪಕ್ಕದ ಸೀಟಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗು!’ ಅಂದ. ನಾನು ಹೊಟ್ಟೆ ಹಿಡಿದು ನಕ್ಕೆ. ಅವನು ನಗಲಿಲ್ಲ.

ಐದು ದಿನದ ರಜೆ

ಅದೇ ವರ್ಷದ ಡಿಸೆಂಬರ್. ಕ್ರಿಸ್‌ಮಸ್ ಭಾನುವಾರವೇ ಬಂದು ಒಂದು ರಜೆಯನ್ನು ನುಂಗಿಬಿಟ್ಟಿತ್ತು. ಆದರೂ ಹೀರೋ ಹೇಗೋ ಸೋಮವಾರದಿಂದ ಬುಧವಾರದವರೆಗೆ ರಜೆ ಗಿಟ್ಟಿಸಿದ. ಮುಂದೆ ಶನಿವಾರ, ಭಾನುವಾರ ಅಂಟಿಸಿ ಐದು ದಿನ. ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಇಳಿದೆವು.

ಮೊದಲ ದಿನ ನಿದ್ದೆಗೆ ಅರ್ಪಣೆ. ಎರಡನೆಯ ದಿನ ತುರುವೇಕೆರೆಯ ಸೋದರತ್ತೆ ಮನೆ. ಮೂರನೆಯ ದಿನ ಅರಸೀಕೆರೆಯ ಅಕ್ಕನ ಮನೆ. ಹೋದಲ್ಲೆಲ್ಲಾ ಅವರೆಕಾಯಿ ಕಾಲದ ಹಿತಕಿದ ಬೇಳೆ ಸಾರು, ಜೊತೆಗೆ ಅದೇ ಎರಡು ಪ್ರಶ್ನೆ: ‘ಸಂಬಳ ಎಷ್ಟಪ್ಪಾ? ಮದುವೆ ಯಾವಾಗ?’ ಮೊದಲನೆಯದಕ್ಕೆ ನಗು, ಎರಡನೆಯದಕ್ಕೆ ‘ಧನುರ್ಮಾಸ ಮುಗೀಲಿ ಅತ್ತೆ’ ಎಂಬ ಉತ್ತರ. ಈ ಉತ್ತರವನ್ನು ನೀವೂ ಧಾರಾಳವಾಗಿ ಬಳಸಿಕೊಳ್ಳಬಹುದು. ಜನವರಿ ೧೪ರವರೆಗೆ ನಡೆಯುತ್ತದೆ!

ನಾಲ್ಕನೆಯ ದಿನ ಮಂಗಳವಾರ. ಹೀರೋನ ತಂದೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಹತ್ತು ವರ್ಷದ ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ‘ಬಂಗಾರದ ಮನುಷ್ಯ’ ನೋಡಿದವರು. ಅಂದಿನಿಂದ ಅಣ್ಣಾವ್ರು ಅಂದರೆ ದೇವರು, ಅಣ್ಣಾವ್ರ ಮಕ್ಕಳೆಂದರೆ ಮನೆ ಮಕ್ಕಳು. ಊರ ಟಾಕೀಸಿನಲ್ಲಿ ‘ವೇದ’ ನಡೆಯುತ್ತಿತ್ತು. ‘೧೯೮೬ರಲ್ಲಿ ಶಿವಣ್ಣನ ಮೊದಲನೇ ಚಿತ್ರ ‘ಆನಂದ್’ ನೋಡಿದವನು ನಾನು. ನೂರಿಪ್ಪತ್ತೈದನೆಯದನ್ನು ಬಿಡ್ತೀನಾ?’ ಎಂದು ಮಂಡಿಯಿಂದ ಬೇಗ ಬಂದು, ಕೌಂಟರಿನಲ್ಲಿ ತಾವೇ ನಿಂತು ನಾಲ್ಕು ಬಾಲ್ಕನಿ ಟಿಕೆಟ್ ತಂದರು. ತಾವು, ಮನೆಯವರು, ಮಗ, ನಾಲ್ಕನೆಯದು ಮಗನ ಗೆಳೆಯನಾದ ನನಗೆ. ಇಸ್ತ್ರಿ ಅಂಗಿ ತೊಟ್ಟು ಆರು ಗಂಟೆಗೇ ಜಗಲಿಯ ಮೇಲೆ ತಯಾರು!

ಆರೂವರೆಗೆ ಹೀರೋನ ಫೋನು ಬಡಿದುಕೊಂಡಿತು. ನಮ್ಮಲ್ಲಿ ಸಂಜೆಯಾದರೆ ಅಮೆರಿಕದವರಿಗೆ ಬೆಳಗು. ಯಾವುದೋ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ ಕೂಡುತ್ತಿಲ್ಲವಂತೆ. ಲ್ಯಾಪ್‌ಟಾಪ್ ತೆರೆದ, ಕಿವಿಗೆ ಅದೇನೋ ಸಿಕ್ಕಿಸಿಕೊಂಡ, ‘ನೀವು ನಡೀರಿ, ಬಂದೆ’ ಎಂದು ಕೈಸನ್ನೆ ಮಾಡಿದ.

ಅಮ್ಮನ ಮುಖ ಬಾಡಿತು. ಅಪ್ಪ ಏನೂ ಅನ್ನಲಿಲ್ಲ. ಟಾಕೀಸಿನ ಬಾಗಿಲಲ್ಲಿ ಗೇಟ್‌ಕೀಪರ್ ಕೈಗೆ ಒಂದು ಟಿಕೆಟ್ ಕೊಟ್ಟು, ‘ಇದು ನನ್ನ ಮಗನದು. ಈಗ ಬರ್ತಾನೆ, ಬ್ಯಾಟರಿ ಬಿಟ್ಟು ಸೀಟು ತೋರಿಸಪ್ಪ’ ಅಂದರು. ಒಳಗೆ ತಮ್ಮ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿದರು, ಬಸ್ಸಿನಲ್ಲಿ ಹಾಸುತ್ತಾರಲ್ಲಾ, ಹಾಗೆ.

ಇಂಟರ್ವಲ್ ಆಯಿತು, ಹೀರೋ ಇಲ್ಲ. ಅಪ್ಪ ನಾಲ್ಕು ಪೊಟ್ಟಣ ಕಡಲೆಕಾಯಿ ತಂದರು; ಒಂದನ್ನು ಜೇಬಿಗೆ ಇಟ್ಟುಕೊಂಡರು. ‘ವೇದ’ ನೀವು ನೋಡಿದ್ದೀರಲ್ಲ? ಅಪ್ಪ, ಮಗಳು ಇಬ್ಬರೂ ಸೇರಿ ಸೇಡು ತೀರಿಸಿಕೊಳ್ಳುವ ಕಥೆ. ತೆರೆಯ ಮೇಲೆ ಅಪ್ಪನ ಪಕ್ಕ ಮಗಳಿದ್ದಾಳೆ, ಇಲ್ಲಿ ಅಪ್ಪನ ಪಕ್ಕ ಟವೆಲ್ ಇದೆ. ನನಗೆ ಪಿಕ್ಚರ್ ಮೇಲೆ ಗಮನವೇ ನಿಲ್ಲಲಿಲ್ಲ.

ಚಿತ್ರ ಮುಗಿಯಲು ಇನ್ನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಬ್ಯಾಟರಿ ಬೆಳಕು ಬಂತು. ಹಿಂದೆಯೇ ಹೀರೋ, ಏದುಸಿರು ಬಿಡುತ್ತಾ. ಈಗ ಅಪ್ಪ ಬೈಯುತ್ತಾರೆ ಅಂದುಕೊಂಡೆ. ಅವರು ಟವೆಲ್ ತೆಗೆದರು, ಕಡಲೆಕಾಯಿ ಪೊಟ್ಟಣ ಕೈಗಿಟ್ಟರು, ಮಗನ ಕಿವಿಯ ಹತ್ತಿರ ಬಾಗಿ ಅಲ್ಲಿಯವರೆಗಿನ ಕಥೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿದರು! ‘ನೋಡು, ಇವಳು ಅವನ ಮಗಳು... ಮೊದಲು ಏನಾಗಿತ್ತಪ್ಪಾ ಅಂದ್ರೆ...’ ಹಿಂದಿನ ಸಾಲಿನಿಂದ ಯಾರೋ ‘ಯಜಮಾನ್ರೇ, ಮನೇಲಿ ಹೇಳಿ ಕಥೆ!’ ಎಂದು ಗದರಿದರು. ಗುಮಾಸ್ತರು ದನಿ ತಗ್ಗಿಸಿದರೇ ಹೊರತು ಕಥೆ ನಿಲ್ಲಿಸಲಿಲ್ಲ.

ಮನೆಗೆ ನಡೆಯುವಾಗ ಹೀರೋ ನನ್ನ ಹತ್ತಿರ ಮೆಲ್ಲಗೆ ಅಂದ: ‘ಒಂಬತ್ತು ವರ್ಷದವನಿದ್ದಾಗ ‘ಮುಂಗಾರು ಮಳೆ’ಗೆ ಕರ್ಕೊಂಡು ಬಂದಿದ್ರು ಕಣೋ. ಮಂಡಿಯಿಂದ ಬರೋದು ಅವರಿಗೇ ತಡ ಆಗಿತ್ತು. ಅರ್ಧ ಪಿಕ್ಚರ್ ಹೋಗಿತ್ತು ಅಂತ ನಾನು ಅಳ್ತಿದ್ದೆ. ಅವತ್ತೂ ಹೀಗೇ, ಪಕ್ಕದವರನ್ನ ಕೇಳಿ ಕೇಳಿ ನನಗೆ ಕಥೆ ಹೇಳಿದ್ರು.’

ಬೆಲೆಯ ಮಾತು, ಬಾಗಿಲ ಮಾತು

ಗೆಳೆಯರೇ, ಮೊಬೈಲಿನಲ್ಲಿ ಇಂದಲ್ಲ ನಾಳೆ ಎಲ್ಲ ಚಿತ್ರವೂ ಬರುತ್ತದೆ. ಅಂಗೈಯಗಲದ ಪರದೆಯಲ್ಲಿ ಚಿತ್ರವುಂಟು, ಪಕ್ಕದ ಸೀಟಿಲ್ಲ. ಅಪ್ಪ ಅಮ್ಮನಿಗೆ ಇನ್ನೊಂದು ದೊಡ್ಡ ಟೀವಿ ತಂದುಕೊಟ್ಟರೆ ಕರ್ತವ್ಯ ಮುಗಿಯಿತು ಎಂದುಕೊಂಡ ಮಕ್ಕಳಿದ್ದಾರೆ. ಆ ಟೀವಿಯ ಮುಂದೆ ಇಬ್ಬರೇ ಕೂತು ಸೀರಿಯಲ್ ನೋಡುತ್ತಾರೆ, ಅಷ್ಟೆ.

ಸಂಸಾರ ಸಮೇತ ಮಾಲ್‌ಗೆ ಹೋದರೆ ಜೇಬು ಖಾಲಿ ಅನ್ನುತ್ತೀರಿ. ನಿಜ. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು ೨೦೦ ರೂಪಾಯಿ ಎಂದು ಟಿಕೆಟ್ಟಿಗೆ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಆದರೆ ನಿಮ್ಮ ಊರಿನ ಟಾಕೀಸಿನಲ್ಲಿ ಇವತ್ತಿಗೂ ಮಾಲ್‌ನ ಒಬ್ಬರ ದುಡ್ಡಿಗೆ ಮನೆಯವರೆಲ್ಲ ನೋಡಿ ಬರುವಂಥ ಬಾಗಿಲು ಇನ್ನೂ ತೆರೆದಿದ್ದರೆ, ಅದು ಎಷ್ಟು ದಿನ ತೆರೆದಿರುತ್ತದೋ ಅಂತ ಯೋಚಿಸಿ. ಬೆಂಗಳೂರಿನ ಹಳೆಯ ಕಪಾಲಿ ೨೦೧೭ರಲ್ಲಿ ಮುಚ್ಚಿತು. ಮೈಸೂರಿನ ಶಾಂತಲಾ ೨೦೨೦ರಲ್ಲಿ ಹೋಯಿತು. ಬೆಂಗಳೂರಿನ ಕಾವೇರಿ ೨೦೨೪ರಲ್ಲಿ ಕೊನೆಯ ಆಟ ಆಡಿತು. ರಾಜಧಾನಿಯ ದೊಡ್ಡ ದೊಡ್ಡ ಮಂದಿರಗಳ ಗತಿಯೇ ಹೀಗಾದರೆ ತಾಲ್ಲೂಕು ಟಾಕೀಸಿನ ಪಾಡೇನು? ಅಪ್ಪ ಅಮ್ಮನ ಕೈ ಹಿಡಿದು ಬಾಲ್ಕನಿ ಮೆಟ್ಟಿಲು ಹತ್ತಿಸುವ ಆಸೆ ನಿಮಗೆ ಮುಂದೊಂದು ದಿನ ಬಂದಾಗ ಮೆಟ್ಟಿಲೇ ಇರಲಿಕ್ಕಿಲ್ಲ. ಮೆಟ್ಟಿಲಿದ್ದರೂ ಹತ್ತಲು ಅವರ ಮೊಣಕಾಲು ಒಪ್ಪಲಿಕ್ಕಿಲ್ಲ.

ದಾರಿಯ ಮಾತು

ಇನ್ನೊಂದು ಮಾತು, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಕಾರು, ಬೈಕು ಹತ್ತಿ ‘ಬೆಳಗಾಗುವಷ್ಟರಲ್ಲಿ ಊರು’ ಎನ್ನುವ ಶೂರರು ನಮ್ಮಲ್ಲಿ ಬಹಳ. ನಿಮ್ಮ ಆಟೋ ಸ್ಟ್ಯಾಂಡಿನಲ್ಲಿ ಹಾರ ಹಾಕಿದ ಶಂಕರಣ್ಣನ ಫೋಟೋ ಇದೆಯಲ್ಲ, ಒಮ್ಮೆ ನೋಡಿ. ೧೯೯೦ರ ಸೆಪ್ಟೆಂಬರ್ ೩೦. ‘ಜೋಕುಮಾರಸ್ವಾಮಿ’ ಶೂಟಿಂಗಿಗೆಂದು ಲೋಕಾಪುರದ ದಾರಿ ಹಿಡಿದಿದ್ದ ಶಂಕರ್‌ನಾಗ್ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ತುತ್ತಾದರು. ವಯಸ್ಸು ೩೫. ಅವರೂ ಕೆಲಸದ ಮೇಲೆ ಹೊರಟವರೇ. ರಜೆ ಕಾಲದಲ್ಲಿ ಕೆಎಸ್ಆರ್‌ಟಿಸಿಯವರು ಹೆಚ್ಚುವರಿ ಬಸ್ಸು ಬಿಡುತ್ತಾರೆ. ಮೊದಲೇ ಸೀಟು ಕಾದಿರಿಸಿ, ನಿದ್ದೆ ಮಾಡಿಕೊಂಡು ಹೋಗಿ. ಎರಡು ಗಂಟೆ ತಡವಾಗಿ ಬಂದ ಮಗನಿಗೆ ಅಪ್ಪ ಕಥೆ ಹೇಳಬಲ್ಲರು. ಬಾರದೇ ಹೋದ ಮಗನಿಗೆ ಯಾರು ಹೇಳಬೇಕು?

ಈಗ ಹೀರೋ ಏನು ಮಾಡುತ್ತಾನೆ?

‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರ ನೋಡಿ ಹಳ್ಳಿಯಲ್ಲೇ ಉಳಿದುಬಿಟ್ಟ. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದ ಯುವಕರಿದ್ದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ನಮ್ಮ ಹೀರೋ ಹಾಗೇನೂ ಮಾಡಲಿಲ್ಲ. ಕೆಲಸ ಬಿಟ್ಟರೆ ಸಾಲದ ಕಂತು ಕಟ್ಟುವವರಾರು? ಅವನಿಂದ ಅಂಥ ಕ್ಲೈಮ್ಯಾಕ್ಸ್ ನಿರೀಕ್ಷಿಸಬೇಡಿ. ಮಾಡಿದ್ದು ಎರಡೇ ಕೆಲಸ.

ಒಂದು, ಡಿಸೆಂಬರಿನ ರಜೆ ಅರ್ಜಿಯನ್ನು ದೀಪಾವಳಿ ಮುಗಿಯುತ್ತಿದ್ದಂತೆ ಹಾಕುತ್ತಾನೆ. ಮೇಲಧಿಕಾರಿಗೆ ‘ಸಂಜೆ ಆರರ ಮೇಲೆ ಫೋನ್ ಇರಲ್ಲ’ ಎಂದು ಮೊದಲೇ ತಿಳಿಸುತ್ತಾನೆ. ಆಕಾಶವೇನೂ ಕಳಚಿ ಬಿದ್ದಿಲ್ಲ, ಬ್ಯಾಂಕುಗಳೂ ನಡೆಯುತ್ತಿವೆ!

ಎರಡು, ಹುಬ್ಬಳ್ಳಿ ಟೂರು ಮುಗಿದ ಮೇಲೆ ವಾಪಸ್ ಬರುವಾಗ ಬೆಂಗಳೂರಿಗೆ ಟಿಕೆಟ್ ಮಾಡಿಸುವುದಿಲ್ಲ, ತಿಪಟೂರಿಗೆ ಮಾಡಿಸುತ್ತಾನೆ. ಇಳಿದು, ಮನೆಯಲ್ಲಿ ಉಂಡು, ಊರಲ್ಲಿ ಯಾವ ಚಿತ್ರವಿದ್ದರೆ ಅದು, ಅಪ್ಪ ಅಮ್ಮನ ಜೊತೆ ಒಂದು ಫಸ್ಟ್ ಷೋ. ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರು. ಚಿತ್ರ ಚೆನ್ನಾಗಿತ್ತೇನೋ ಎಂದು ನಾನು ವಿಮರ್ಶಕನ ಗತ್ತಿನಲ್ಲಿ ಕೇಳಿದರೆ, ‘ಪಿಕ್ಚರ್ ಸುಮಾರು, ಅಮ್ಮ ಮಾತ್ರ ಎರಡು ಸಲ ಜೋರಾಗಿ ನಕ್ಕರು’ ಅನ್ನುತ್ತಾನೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ಬರೆಯಲು ನನ್ನಿಂದಾಗದು.

ಈ ಡಿಸೆಂಬರಿನಲ್ಲೂ ಗಾಂಧಿನಗರ ನಿಮಗಾಗಿ ಚಿತ್ರ ತರುತ್ತದೆ. ಮೊದಲ ದಿನ, ಮೊದಲ ಆಟ, ಶಿಳ್ಳೆ, ಪೇಪರ್ ಚೂರು, ಹಾಲಿನ ಅಭಿಷೇಕ... ಎಲ್ಲವೂ ಗೆಳೆಯರ ಜೊತೆ ನಡೆಯಲಿ, ಬೇಡ ಅನ್ನುವವನು ನಾನಲ್ಲ. ಆದರೆ ಅದೇ ಚಿತ್ರವನ್ನು ಎರಡನೆಯ ಸಲ ನೋಡುತ್ತೀರಲ್ಲ, ಆ ಆಟ ಊರಿನಲ್ಲಿರಲಿ. ಕೌಂಟರಿನಲ್ಲಿ ನೀವು ನಿಲ್ಲಿ. ಅಪ್ಪನಿಗೆ ಬಾಲ್ಕನಿ, ಅಮ್ಮನಿಗೆ ಫ್ಯಾನಿನ ಕೆಳಗಿನ ಸೀಟು, ಇಂಟರ್ವಲ್ಲಿಗೆ ಕಡಲೆಕಾಯಿ. ಕಥೆ ಅರ್ಥವಾಗಲಿಲ್ಲ ಅಂದರೆ ಕಿವಿಯಲ್ಲಿ ಹೇಳಿ. ಹಿಂದಿನವರು ಗದರಿದರೆ ಗದರಲಿ ಬಿಡಿ.

ಮುಂದಿನ ವಾರ ಸಿಗೋಣ.