ಬೀಗವೂ ಬಾಗಿಲೂ

ಪ್ರೇಮವೆಂದೊಡನೆ ಪ್ಯಾರಿಸ್ಸನ್ನು ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ. ತರುಣರು ಅದನ್ನು ಮೆಚ್ಚಿ ನೆನೆಯುತ್ತಾರೆ, ಹಿರಿಯರು ಬಯ್ಯುವುದಕ್ಕಾಗಿ ನೆನೆಯುತ್ತಾರೆ. ಇಬ್ಬರ ಕಣ್ಣಮುಂದೆಯೂ ಇರುವುದು ಒಂದೇ ಚಿತ್ರ: ಸೇನ್ ನದಿಯ ಸೇತುವೆಯೊಂದರ ಕಟಾಂಜನಕ್ಕೆ ಬೀಗ ತಗುಲಿಸಿ, ಕೀಲಿಕೈಯನ್ನು ನೀರಿಗೆಸೆಯುವ ಪ್ರೇಮಿಗಳು.

ಈ ಬೀಗದ ಗೀಳು ಫ್ರೆಂಚರ ಹಳೆಯ ಆಚಾರವೇನಲ್ಲ. 2006ರಲ್ಲಿ ಪ್ರಕಟವಾದ ಇಟಲಿಯ ಕಾದಂಬರಿಯೊಂದರಿಂದ ಅದು ರೋಮಿನಲ್ಲಿ ಹಬ್ಬಿ, ಬಳಿಕ ಪ್ಯಾರಿಸ್ಸಿಗೂ ಬಂದಿತು. 2014ರ ಜೂನಿನಲ್ಲಿ ಪೋಂ ದೇಸ್ ಆರ್ ಸೇತುವೆಯ ಕಟಾಂಜನದ ಒಂದು ಭಾಗ ಬೀಗಗಳ ಭಾರಕ್ಕೆ ಕುಸಿಯಿತು. ಮರುವರ್ಷ ನಗರಾಡಳಿತದವರು ಸುಮಾರು 45 ಟನ್ ಬೀಗಗಳನ್ನು ತೆಗೆಸಿದರು. ಪ್ರೀತಿಗೆ ಇಷ್ಟು ತೂಕವುಂಟೆಂದು ಕವಿಗಳೂ ಊಹಿಸಿರಲಾರರು!

ಫ್ರೆಂಚರ ಪ್ರೇಮವನ್ನು ಅರಿಯಬೇಕಾದವರು ಅವರ ಪುರಭವನಕ್ಕೆ ಹೋಗಬೇಕೆಂದು ನನ್ನ ಅಭಿಪ್ರಾಯ. 1792ರಿಂದಲೂ ಅಲ್ಲಿ ವಿವಾಹ ನಾಗರಿಕ ವಿಧಿ. ಚರ್ಚಿನಲ್ಲಿ ಮದುವೆಯಾಗುವವರೂ ಮೊದಲು ಮೇಯರ ಮುಂದೆ ನಿಲ್ಲಬೇಕು. ಹತ್ತು ದಿನ ಮುಂಚೆ ಹೆಸರುಗಳ ಪ್ರಕಟಣೆಯಾಗುತ್ತದೆ. ಮೂರು ಬಣ್ಣದ ಪಟ್ಟಿ ಧರಿಸಿದ ಮೇಯರು ದಂಪತಿಗಳ ಕರ್ತವ್ಯಗಳನ್ನು ಸಂಹಿತೆಯಿಂದ ಓದಿ ಹೇಳುತ್ತಾರೆ. ಅಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು. ಆಕ್ಷೇಪಣೆಯಿದ್ದವರು ಒಳಬಂದು ಹೇಳಬಹುದು. ಬೀಗದ ಪ್ರೇಮಕ್ಕಿಂತ ಈ ತೆರೆದ ಬಾಗಿಲಿನ ಪ್ರೇಮ ದೊಡ್ಡದಲ್ಲವೆ?

ಒಣ ಕಾನೂನಿನಲ್ಲಿ ಹೃದಯವೆಲ್ಲಿ ಎನ್ನುವವರುಂಟು. ಅವರು ಇದನ್ನು ಕೇಳಬೇಕು. 1959ರ ಡಿಸೆಂಬರ್ 2ರಂದು ದಕ್ಷಿಣ ಫ್ರಾನ್ಸಿನ ಮಾಲ್‌ಪಾಸೆ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ವರನನ್ನು ಕಳೆದುಕೊಂಡ ತರುಣಿಯೊಬ್ಬಳು, ಅಲ್ಲಿಗೆ ಬಂದ ಅಧ್ಯಕ್ಷ ಡಿ ಗಾಲ್ ಅವರ ಮುಂದೆ ನಿಂತು, ನಿಶ್ಚಯವಾಗಿದ್ದ ಮದುವೆಯನ್ನು ನಡೆಸಿಕೊಡಿರೆಂದು ಬೇಡಿದಳು. ಆ ತಿಂಗಳು ಮುಗಿಯುವುದರೊಳಗೆ ಕಾನೂನಾಯಿತು. ಗತಿಸಿದವರ ಸಮ್ಮತಿಯಿತ್ತೆಂಬುದಕ್ಕೆ ಸಂಶಯಕ್ಕೆಡೆಯಿಲ್ಲದ ಆಧಾರವಿದ್ದರೆ, ಗಂಭೀರ ಕಾರಣಗಳಿಗಾಗಿ ಅಧ್ಯಕ್ಷರು ಅನುಮತಿ ಕೊಡಬಹುದು. ಮದುವೆ ಮರಣದ ಹಿಂದಿನ ದಿನ ನಡೆಯಿತೆಂದು ಎಣಿಕೆ.

ಆಸ್ತಿಯ ಆಸೆಯಿಂದ ಎಂದು ಮೂಗು ಮುರಿಯುವಂತಿಲ್ಲ. ಇಂಥ ಮದುವೆಯಿಂದ ವಾರಸು ಹಕ್ಕು ಹುಟ್ಟದು. 2017ರಲ್ಲಿ ಪ್ಯಾರಿಸ್ಸಿನ ಶಾಂಜ್ ಎಲಿಜೆ ರಸ್ತೆಯಲ್ಲಿ ಹತನಾದ ಪೊಲೀಸನೊಬ್ಬನನ್ನು ಅವನ ಸಂಗಾತಿ ಹೀಗೆಯೇ ವರಿಸಿದ. (ಇಬ್ಬರೂ ಗಂಡಸರೆ, 2013ರಿಂದ ಅಂಥ ವಿವಾಹಕ್ಕೂ ಅಲ್ಲಿ ಮನ್ನಣೆಯಿದೆ.) ಬದುಕಿದವರ ಪಕ್ಕದಲ್ಲಿ ಒಂದು ಭಾವಚಿತ್ರವಿರುತ್ತದೆ. ಇನ್ನೊಬ್ಬರು ‘ಒಪ್ಪಿದೆ’ ಎನ್ನಬೇಕಾದ ಗಳಿಗೆಯಲ್ಲಿ ಮೇಯರು ಅಧ್ಯಕ್ಷರ ಆಜ್ಞೆಯನ್ನು ಓದುತ್ತಾರೆ.