ಗಿಟಾರು ಕೊಳ್ಳುವ ಮೊದಲು ಒಂದನ್ನು ಮಾಡಿ ನೋಡಿರಿ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಈ ಕ್ರಮದಲ್ಲಿಯೇ ಹಾಯ್ದು ಹೋಗುತ್ತದೆ. ಈ ದಾರಿಯಲ್ಲಿ ಹೆಗಲಿಗೆ ಗಿಟಾರಿನ ಚೀಲ ತೂಗುಹಾಕಿಕೊಂಡ ಕಾಲೇಜು ಹುಡುಗನೊಬ್ಬ ನನ್ನೆದುರು ಕುಳಿತಿದ್ದನು. "ಈ ಮೆಟ್ಟಿಲುಗಳ ನಡುವಿನ ಅಂತರ ಕಿರಿದಾಗುತ್ತ ಬರುವುದೇಕೆ, ತಮ್ಮಾ?" ಎಂದು ಕೇಳಿದೆ. "ಕಂಪನಿಯವರು ಹಂಗ ಮಾಡ್ಯಾರ್ರೀ" ಎಂದನು. ಅವನು ವಿಜ್ಞಾನದ ವಿದ್ಯಾರ್ಥಿ. ತಂತಿಯ ಉದ್ದ ಕಡಿಮೆಯಾದಷ್ಟೂ ಕಂಪನಸಂಖ್ಯೆ ಹೆಚ್ಚುವುದೆಂಬ ನಿಯಮವನ್ನು ಸೊನೋಮೀಟರಿನ ಪಾಠದಲ್ಲಿ ಓದಿ ಅಂಕ ಪಡೆದವನು. ಆ ಪಾಠವೇ ತನ್ನ ಹೆಗಲ ಮೇಲೆ ತೂಗುತ್ತಿದೆಯೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ತಪ್ಪನ್ನು ಅವನ ಮೇಲೆ ಹೊರಿಸಲಾರೆ. ಸೊನೋಮೀಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದರ ಚಿತ್ರವನ್ನು ಹಲಗೆಯ ಮೇಲೆ ಬರೆದು ಕಲಿಸುವ ನಮ್ಮ ಪದ್ಧತಿಗೆ ಅದು ಸಲ್ಲಬೇಕು.

ಗಿಟಾರು ನುಡಿಸಬಯಸುವ ವಿದ್ಯಾರ್ಥಿ ಮೊದಲು ತನ್ನ ಕೈಯಿಂದಲೇ ಒಂದು ತಂತಿವಾದ್ಯವನ್ನು ಮಾಡಬೇಕೆಂಬುದು ನನ್ನ ವಾದ. ಇದರಿಂದ ಹಣ ಉಳಿಯುವುದೆಂದು ಯಾರೂ ಭ್ರಮಿಸಬಾರದು. ನಿಮ್ಮ ಮೊದಲ ವಾದ್ಯಕ್ಕಿಂತ ಅಂಗಡಿಯ ಅಗ್ಗದ ಗಿಟಾರೇ ಚೆನ್ನಾಗಿ ನುಡಿದೀತು. ಆದರೆ ಕೊಂಡ ವಾದ್ಯದಲ್ಲಿ ಎಲ್ಲ ನಿರ್ಣಯಗಳನ್ನೂ ಬೇರೊಬ್ಬನು ಮಾಡಿ ಮುಗಿಸಿರುತ್ತಾನೆ. ಮಾಡುವವನಿಗಾದರೋ ಹೆಜ್ಜೆಹೆಜ್ಜೆಗೆ ಒಂದೊಂದು ಪ್ರಶ್ನೆ.

ಆರಂಭಕ್ಕೆ ಸ್ಪೇನ್ ದೇಶದ ನಕ್ಷೆ ಬೇಕಿಲ್ಲ. ಶಿಶುನಾಳ ಶರೀಫರು (1819–1889) ಇದೇ ಹಾವೇರಿ ಜಿಲ್ಲೆಯವರು. ಅವರ ತತ್ತ್ವಪದಗಳನ್ನು ಇಂದಿಗೂ ಏಕತಾರಿ ಹಿಡಿದು ಹಾಡುವವರಿದ್ದಾರೆ. ಒಂದು ಒಣಗಿದ ಸೋರೆಬುರುಡೆ, ಒಂದು ಬಿದಿರ ದಂಡಿ, ಒಂದು ಬಿರಡೆ, ಒಂದು ತಂತಿ. ಇಷ್ಟರಲ್ಲಿ ಗಿಟಾರಿನ ಮುಖ್ಯ ತತ್ತ್ವಗಳೆಲ್ಲ ಅಡಗಿವೆ. ಬರಿಯ ತಂತಿ ಗಾಳಿಯನ್ನು ಸೀಳುವುದೇ ಹೊರತು ತಳ್ಳಲಾರದು. ಅದರ ಕಂಪನವನ್ನು ಅಗಲವಾದ ಮೈಗೆ ದಾಟಿಸಿದಾಗಲೇ ಧ್ವನಿ ಕೇಳುವಂತಾಗುತ್ತದೆ. ಬುರುಡೆಯ ಬಾಯಿಗೆ ಅಡ್ಡಲಾಗಿ ಊದಿರಿ; ಒಂದು ಗೊತ್ತಾದ ಸ್ವರ ಹೊರಡುತ್ತದೆ. ಒಳಗಿನ ಗಾಳಿಗೂ ತನ್ನದೇ ಆದ ಕಂಪನಸಂಖ್ಯೆಯುಂಟೆಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದುದು ಇಂಥ ಅನುಭವವನ್ನೇ. ಗಿಟಾರಿನ ನಡುವಿನ ರಂಧ್ರದ ಕೆಲಸವೂ ಅದೇ.

ಏಕತಾರಿಯಿಂದ ಗಿಟಾರಿಗೆ ಏರುವಾಗ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಮರದ್ದು: ಬೀಟೆ ಮರ ಎಲ್ಲಿಂದ ತರೋಣ? ತರಬೇಡಿರಿ. ಆಧುನಿಕ ಗಿಟಾರಿಗೆ ರೂಪು ಕೊಟ್ಟ ಸ್ಪೇನಿನ ಆಂತೋನಿಯೊ ದೆ ತೋರೆಸ್ 1862ರಲ್ಲಿ ಬೆನ್ನು ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಒಂದು ಗಿಟಾರನ್ನು ಕಟ್ಟಿದನು. ನಾದದ ಗುಟ್ಟು ಮೇಲ್ಹಲಗೆಯಲ್ಲಿದೆಯೆಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಆ ಹಲಗೆ ಹಗುರವಾಗಿರಬೇಕು, ಬಿಗಿಯಾಗಿಯೂ ಇರಬೇಕು. ಅದರ ದಪ್ಪ ಎರಡೂವರೆ ಮೂರು ಮಿಲಿಮೀಟರು. ಉಕ್ಕಿನ ಆರು ತಂತಿಗಳು ಎಳೆಯುವ ಬಲವೋ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮ. ಒಳಗಡೆ ತೆಳುವಾದ ಪಟ್ಟಿಗಳನ್ನು ಅಂಟಿಸಿ ಅದನ್ನು ತಾಳುವಂತೆ ಮಾಡುತ್ತಾರೆ. ಮೊದಲ ಯತ್ನಕ್ಕೆ ನೈಲಾನ್ ತಂತಿಯೇ ಕ್ಷೇಮ. ಅದರ ಸೆಳೆತ ಸುಮಾರು 40 ಕಿಲೋಗ್ರಾಂ.

ಮರ ಒಣಗಿರಬೇಕೆಂಬುದನ್ನು ಬ್ಯಾಡಗಿಯವರಿಗೆ ಹೇಳಬೇಕಾದುದಿಲ್ಲ. ಹಸಿ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿದರೆ ಏನಾಗುವುದೆಂದು ಅಲ್ಲಿಯ ಮಕ್ಕಳೂ ಬಲ್ಲರು. ನಾನು ಅದನ್ನು ಮರೆತು, ಮಳೆಗಾಲದಲ್ಲಿ ಪೆಟ್ಟಿಗೆಯ ಹಲಗೆಯೊಂದನ್ನು ಹತ್ತರಿಯಿಂದ ಸಮಮಾಡಿ ಅಂಟಿಸಿದೆ. ಮಾರ್ಚಿ ತಿಂಗಳ ಬಿಸಿಲಿಗೆ ಒಂದು ರಾತ್ರಿ ಅದು ಪಟಾರನೆ ಸೀಳಿತು. ತೇವ ಆರಿದಾಗ ಮರ ಎಳೆಯ ಅಡ್ಡಕ್ಕೆ ಕುಗ್ಗುವುದೇ ಹೆಚ್ಚು, ಉದ್ದಕ್ಕೆ ತೀರ ಕಡಿಮೆ. ಪುಸ್ತಕದಲ್ಲಿ ಈ ಮಾತನ್ನು ನಾನು ಮುಂಚೆಯೇ ಓದಿದ್ದೆ!

ಇನ್ನು ಮೆಟ್ಟಿಲುಗಳ ಮಾತು. ತಂತಿಯ ಉದ್ದ 650 ಮಿಲಿಮೀಟರು ಎಂದಿಟ್ಟುಕೊಳ್ಳಿರಿ. ಅದನ್ನು 17.817ರಿಂದ ಭಾಗಿಸಿದರೆ 36.5, ಮೊದಲ ಮೆಟ್ಟಿಲು ಅಷ್ಟು ದೂರಕ್ಕೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.4. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ 325ಕ್ಕೆ, ಅಂದರೆ ಅರ್ಧಕ್ಕೆ, ಬಂದು ನಿಲ್ಲುತ್ತೀರಿ. ಅಲ್ಲಿ ಮೇಲಿನ ಷಡ್ಜ. ನನ್ನ ರೈಲಿನ ಮಿತ್ರನ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಈಗ ನಿಮ್ಮ ಹತ್ತಿರ ಒಂದು ತಂಬೂರಿ ಇದ್ದರೆ ತೊಡಕು ಹುಟ್ಟುತ್ತದೆ. ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿಯೇ ಕೇಳುವುದುಂಟು. ಅದು ತಂತಿಯ ಐದನೆಯ ಉಪಸ್ವರ. ಅಗಲವಾಗಿ ಬಾಗಿದ ಕುದುರೆಯಿಂದಾಗಿ ವೀಣೆ ತಂಬೂರಿಗಳಲ್ಲಿ ಇಂಥ ಉಪಸ್ವರಗಳು, ನಿಯಮದಂತೆ ಮೂಡಬಾರದ ಕಡೆಯೂ, ಬಲವಾಗಿ ಮೂಡುತ್ತವೆಂದು ಸಿ.ವಿ. ರಾಮನ್ನರು 1921ರಲ್ಲಿ ಬರೆದರು. ಆ ಗಾಂಧಾರಕ್ಕೆ ತಂತಿಯ ಐದರಲ್ಲಿ ನಾಲ್ಕು ಪಾಲು ನುಡಿಯಬೇಕು. ಮೆಟ್ಟಿಲು 130 ಮಿಲಿಮೀಟರಿಗೆ ಬೀಳಬೇಕು. ಗಿಟಾರಿನ ಲೆಕ್ಕವೋ ಅದನ್ನು 134ಕ್ಕೆ ಹಾಕುತ್ತದೆ. ಪಂಚಮದಲ್ಲಿ ಅರ್ಧ ಮಿಲಿಮೀಟರಿನ ವ್ಯತ್ಯಾಸ, ಗಾಂಧಾರದಲ್ಲಿ ನಾಲ್ಕು! ಕಿವಿಯುಳ್ಳವನು ಇದನ್ನು ಸಹಿಸುವುದು ಕಷ್ಟ.

ಹಾಗಾದರೆ ಗಿಟಾರಿನವರಿಗೆ ಗಣಿತ ತಿಳಿಯದೇ? ತಿಳಿದೇ ಮಾಡಿದ್ದಾರೆ. ಶುದ್ಧ ಗಾಂಧಾರದ ಪ್ರಮಾಣ 5/4. ಮೂರು ಗಾಂಧಾರಗಳನ್ನು ಒಂದರ ಮೇಲೊಂದು ಏರಿಸಿದರೆ 125/64 ಆಗುತ್ತದೆ, ಮೇಲಿನ ಷಡ್ಜಕ್ಕೆ 128/64 ಬೇಕು. ಯಾವ ಸ್ವರವನ್ನಾದರೂ ಷಡ್ಜ ಮಾಡಿಕೊಳ್ಳಬೇಕೆನ್ನುವ ಸಂಗೀತ ಈ ಕೊರತೆಯನ್ನು ಎಲ್ಲ ಮೆಟ್ಟಿಲುಗಳಿಗೂ ಹಂಚಿಬಿಟ್ಟಿದೆ. ಒಂದೇ ಷಡ್ಜವನ್ನು ನೆಚ್ಚಿ ಹಾಡುವ ನಮಗೆ ಆ ಹೊಂದಾಣಿಕೆ ಬೇಕೇ ಎಂಬುದನ್ನು ಗಿಟಾರು ಮಾಡುವವನು ತಾನೇ ತೀರ್ಮಾನಿಸಬೇಕು.

ನನ್ನ ಸಲಹೆ: ಮೊದಲ ಗಿಟಾರಿಗೆ ಲೋಹದ ಮೆಟ್ಟಿಲು ಬಡಿಯಬೇಡಿರಿ. ಸಿತಾರಿನವರು ದಾರದಿಂದ ಕಟ್ಟಿ, ಬೇಕಾದಂತೆ ಸರಿಸಿಕೊಳ್ಳುತ್ತಾರೆ. ಯೂರೋಪಿನ ಹಳೆಯ ವಾದ್ಯಗಾರರೂ ಕರುಳಿನ ಹುರಿಯನ್ನು ಹಾಗೆಯೇ ಕಟ್ಟುತ್ತಿದ್ದರು. ದಂಡಿಗೆ ನೈಲಾನ್ ಹುರಿ ಕಟ್ಟಿರಿ. 134ಕ್ಕೂ 130ಕ್ಕೂ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಪಕ್ಕದಲ್ಲಿ ತಂಬೂರಿ ಮೀಟುತ್ತ ಹುರಿಯನ್ನು ಸರಿಸಿ ಕೇಳಿರಿ. ತಂತಿಯನ್ನು ಒತ್ತುವಾಗ ಅದು ಜಗ್ಗಿ ಸ್ವರ ತುಸು ಏರುವುದರಿಂದ ಕುದುರೆಯನ್ನು ಎರಡು ಮೂರು ಮಿಲಿಮೀಟರು ಹಿಂದಕ್ಕಿಡಬೇಕಾದೀತು. ಅದನ್ನೂ ಕಿವಿಯೇ ಹೇಳುತ್ತದೆ.

ಪಠ್ಯಕ್ರಮದಲ್ಲಿ ಇದಕ್ಕೆ ವೇಳೆಯಿಲ್ಲವೆಂದು ಅಧ್ಯಾಪಕರು ಅನ್ನಬಹುದು. ಸೊನೋಮೀಟರಿನ ಪ್ರಯೋಗಕ್ಕೆ ಹೇಗೂ ವೇಳೆಯಿದೆಯಷ್ಟೆ. ಕಪಾಟಿನ ಬೀಗ ತೆಗೆದು, ಆ ದಿನ ಊರಿನ ಬಡಿಗರೊಬ್ಬರನ್ನೂ ಏಕತಾರಿ ನುಡಿಸುವವರೊಬ್ಬರನ್ನೂ ತರಗತಿಗೆ ಕರೆಯಲಿ.