ಮಾರದ ಮನೆಗೆ ಮಾರುವ ಬೆಲೆಯ ಕಂದಾಯ



ನಿಮ್ಮ ಮನೆಯ ಬೆಲೆ ಎಷ್ಟು? ಹೀಗೆ ಕೇಳಿದರೆ ನಮ್ಮವರು ನಗುತ್ತಾರೆ. "ಮನಿ ಮಾರೋರು ಯಾರಪ್ಪ, ಬೆಲಿ ತಗೊಂಡು ಏನ್ ಮಾಡೋದು?" ಅಂತಾರೆ. ಹತ್ತಿಗೆ ಬೆಲೆ ಕೇಳುತ್ತೇವೆ, ಮೆಣಸಿನಕಾಯಿಗೆ ಕೇಳುತ್ತೇವೆ, ಎತ್ತಿಗೂ ಕೇಳುತ್ತೇವೆ. ಅಪ್ಪ ಕಟ್ಟಿದ ಮಾಳಿಗೆ ಮನೆಗೆ ಯಾರೂ ಬೆಲೆ ಕೇಳುವುದಿಲ್ಲ. ಅದು ಮಾರುವ ಮಾಲಲ್ಲ, ಇರುವ ನೆಲೆ.

ಆದರೆ ನಾವು ಕೇಳದಿದ್ದರೂ ಸರ್ಕಾರ ಅದಕ್ಕೊಂದು ಬೆಲೆ ಬರೆದಿಟ್ಟಿದೆ. ಅದರ ಹೆಸರು ಮಾರ್ಗಸೂಚಿ ಬೆಲೆ. ನೋಂದಣಿ ಕಚೇರಿಯಲ್ಲಿ ಖರೀದಿ ಪತ್ರ ಮಾಡಿಸುವಾಗ ಮುದ್ರಾಂಕ ಶುಲ್ಕಕ್ಕೆ ಲೆಕ್ಕ ಹಿಡಿಯುವ ಬೆಲೆ ಇದು. 2021ರಲ್ಲಿ ಕರ್ನಾಟಕ ಪುರಸಭೆ ಕಾಯಿದೆಗೆ ತಿದ್ದುಪಡಿ ಆದ ಮೇಲೆ ಪಟ್ಟಣಗಳ ಮನೆಗಂದಾಯವನ್ನೂ ಚಾಲ್ತಿ ಮಾರ್ಗಸೂಚಿ ಬೆಲೆಗೆ ಗಂಟು ಹಾಕಿದರು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ ಏರಿತು. ಬೆಲೆ ಏರಿದರೆ ಕಂದಾಯದ ಬುಡವೂ ಏರುತ್ತದೆ. ಮನೆ ಅದೇ, ಗೋಡೆ ಅದೇ, ಮಳೆ ಬಂದರೆ ಸೋರುವ ಜಾಗವೂ ಅದೇ. ಚೀಟಿಯ ಮೇಲಿನ ಅಂಕಿ ಮಾತ್ರ ಬೇರೆ.

ಕುಡತಿನಿಯನ್ನೇ ನೋಡಿ. ನಮ್ಮ ಕಣ್ಣ ಮುಂದೆ ಹಳ್ಳಿಯಾಗಿದ್ದ ಊರು ಇವತ್ತು ಪಟ್ಟಣ ಪಂಚಾಯಿತಿ. ಪಕ್ಕದಲ್ಲೇ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ; ಮೂರು ಘಟಕ ಸೇರಿ 1,700 ಮೆಗಾವ್ಯಾಟ್. ಅತ್ತ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಕೂಲಿಗೆ, ನೌಕರಿಗೆ ಹೊರಗಿನ ಜನ ಬಂದರು, ಬಾಡಿಗೆ ಕೋಣೆಗಳು ಎದ್ದವು, ರಸ್ತೆ ಬದಿಯ ಸೈಟಿಗೆ ಬೆಲೆ ಬಂತು. ಒಳ್ಳೆಯದೇ. ಆದರೆ ಆ ಬೆಲೆ ಯಾರ ಕೈಗೆ ಸಿಕ್ಕಿತು? ಮಾರಿದವನಿಗೆ ಸಿಕ್ಕಿತು, ಬಾಡಿಗೆಗೆ ಕೊಟ್ಟವನಿಗೆ ಸಿಕ್ಕಿತು. ಹಳೇ ಊರೊಳಗೆ ತನ್ನ ಮನೆಯಲ್ಲಿ ತಾನೇ ಮಲಗುವ ರೈತನಿಗೆ ಸಿಕ್ಕಿದ್ದು ಬೂದಿ, ಧೂಳು, ಜೊತೆಗೆ ಹೆಚ್ಚಿನ ಕಂದಾಯದ ಚೀಟಿ.

ಇನ್ನೊಂದು ಮಾತು. 2010ರ ಆಸುಪಾಸಿನಲ್ಲಿ ಇದೇ ಕುಡತಿನಿ ಸುತ್ತಲಿನ ಸಾವಿರಾರು ಎಕರೆ ಭೂಮಿ ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಪಾಲಾಯಿತು. ವರ್ಷ ಕಳೆದರೂ ಹೇಳಿದ ಕಾರ್ಖಾನೆಗಳು ಏಳಲಿಲ್ಲ, ಉದ್ಯೋಗ ಸಿಗಲಿಲ್ಲ. ನ್ಯಾಯವಾದ ಪರಿಹಾರ ಕೊಡಿ ಎಂದು 2022ರ ಡಿಸೆಂಬರಿನಿಂದ ರೈತರು ಧರಣಿ ಕೂತರು. ಅಂದರೆ ರೈತನಿಂದ ಭೂಮಿ ತೆಗೆದುಕೊಳ್ಳುವಾಗ ಅದು ಅಗ್ಗದ ಎರೆ ಹೊಲ; ಅದೇ ರೈತನ ಮನೆಗೆ ಕಂದಾಯ ಹಾಕುವಾಗ ಅದು ಬೆಲೆಬಾಳುವ ಪಟ್ಟಣದ ಆಸ್ತಿ. ಕೊಡುವಾಗ ಒಂದು ತಕ್ಕಡಿ, ಕೊಳ್ಳುವಾಗ ಒಂದು ತಕ್ಕಡಿ. ಇದನ್ನು ದಲ್ಲಾಳಿ ಮಾಡಿದರೆ ಮೋಸ ಅಂತೀವಿ. ಸರ್ಕಾರ ಮಾಡಿದರೆ ಏನನ್ನಬೇಕು?

ಈ ಲೆಕ್ಕ ನಮಗೆ ಹೊಸದೂ ಅಲ್ಲ. ನರಗುಂದ, ನವಲಗುಂದದಲ್ಲಿ 1980ರ ಜುಲೈ 21ರಂದು ಯಾಕೆ ಗುಂಡು ಹಾರಿತು? ಮಲಪ್ರಭಾ ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಆದ್ದರಿಂದ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದರು. ನೀರು ಕಾಣದ ಹೊಲದವನಿಗೂ ಚೀಟಿ ಬಂತು. ಕೈಗೆ ಬಾರದ ಲಾಭದ ಮೇಲೆ ಕರ ಹಾಕಿದ್ದೇ ಅಂದಿನ ಬೆಂಕಿಗೆ ಕಿಡಿ. ಆ ಹೋರಾಟದ ಬೆನ್ನಿಗೇ ಈ ನಾಡಿನಲ್ಲಿ ರೈತ ಸಂಘ ಎದ್ದು ನಿಂತಿತು. ಅಂದು ಹೊಲದ ಬೆಲೆ ಏರಿತು ಅಂದವರು ಇಂದು ಮನೆಯ ಬೆಲೆ ಏರಿತು ಅನ್ನುತ್ತಿದ್ದಾರೆ. ಏರಿದ್ದು ಕಾಗದದಲ್ಲಿ.

ಈಗ ಕಾನೂನಿನ ಮಾತಿಗೆ ಬರೋಣ. ಸಾಲದ ಕೋರ್ಟು ಕಂಡವರಿಗೆ ಇದು ಗೊತ್ತಿರಬೇಕು, ಗೊತ್ತಿಲ್ಲದವರು ತಿಳಿದಿಟ್ಟುಕೊಳ್ಳಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಏನು ಹೇಳುತ್ತದೆ? ಬೇಸಾಯಗಾರನಿಗೆ ಸೇರಿದ, ಅವನು ವಾಸವಿರುವ ಮನೆಯನ್ನು, ಅದರ ಅಡಿಯ ಜಾಗವನ್ನು ಸಾಲದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ, ಹರಾಜು ಹಾಕುವಂತಿಲ್ಲ. ಬೇಸಾಯದ ಉಪಕರಣ, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಕಾಳಿಗೂ ಇಂಥದೇ ರಕ್ಷಣೆ ಇದೆ. ನೀವಾಗಿಯೇ ಮನೆಯನ್ನು ಅಡವಿಟ್ಟಿದ್ದರೆ ಆ ಮಾತು ಬೇರೆ. ಬ್ರಿಟಿಷರ ಕಾಲದ ಕಾನೂನಿಗೂ ಇಷ್ಟು ತಿಳಿದಿತ್ತು: ರೈತ ಇರುವ ಮನೆ ಉಳಿದ ಆಸ್ತಿಯಂತಲ್ಲ, ಅದು ಹೋದರೆ ರೈತನೇ ಹೋದ. ಸಾಲಗಾರನಿಗೆ ಬಾಗಿಲಲ್ಲೇ ನಿಲ್ಲು ಎನ್ನುವ ಕಾನೂನು, ಕಂದಾಯದ ಚೀಟಿ ಬರೆಯುವಾಗ ಮಾತ್ರ ಆ ವ್ಯತ್ಯಾಸವನ್ನು ಮರೆಯುವುದು ಯಾವ ನ್ಯಾಯ? ನಮ್ಮ ರಾಜ್ಯದಲ್ಲಿ ಗುಡಿಗೆ, ಮಸೀದಿಗೆ, ಶಾಲೆಗೆ ವಿನಾಯಿತಿ ಇದೆ, ಇರಲಿ. ಮಾಲೀಕನೇ ವಾಸವಿರುವ ಒಂದೇ ಮನೆ ಎಂಬ ಕಾರಣಕ್ಕೆ ಪೂರ್ತಿ ಮಾಫಿ ಮಾತ್ರ ಇಲ್ಲ.

ಬೇರೆ ಕಡೆ ಏನಿದೆ ನೋಡಿ. ಬೆಂಗಳೂರು ಮಹಾನಗರ ಪಾಲಿಕೆ 2008ರಲ್ಲಿ ಹೊಸ ಪದ್ಧತಿ ತಂದಾಗ ಬಾಡಿಗೆ ಮನೆಗೆ ಒಂದು ದರ, ಸ್ವಂತ ವಾಸದ ಮನೆಗೆ ಅದರ ಅರ್ಧ ದರ ಇಟ್ಟಿತು. ಮುಂಬಯಿಯಲ್ಲಿ 2022ರ ಜನವರಿಯಲ್ಲಿ 500 ಚದರಡಿ ಒಳಗಿನ ಮನೆಗಳಿಗೆ ಆಸ್ತಿ ತೆರಿಗೆ ಮಾಫಿ ಎಂದು ಸಾರಿದರು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1934ರಲ್ಲೇ, ಬೆಲೆ ಕುಸಿದು ಜನ ಮನೆಮಠ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ರಾಜ್ಯದ ಸಂವಿಧಾನವನ್ನೇ ತಿದ್ದಿ ವಾಸದ ಮನೆಯ ಬೆಲೆಯಲ್ಲಿ ಮೊದಲ 5,000 ಡಾಲರಿಗೆ ತೆರಿಗೆ ಬಿಟ್ಟರು. ಆಮೇಲೆ ಆ ಮೊತ್ತ ಏರಿತೇ ಹೊರತು ನಿಲ್ಲಲಿಲ್ಲ. ಒಬ್ಬನಿಗೆ ಒಂದೇ ಮನೆ, ಅದು ಅವನು ಕಾಯಂ ಇರುವ ಮನೆ ಆಗಿರಬೇಕು, ಅರ್ಜಿ ಕೊಡಬೇಕು. ಅಷ್ಟೇ ಷರತ್ತು.

ಮುಂಬಯಿಯ ಅಳತೆಯನ್ನು ಮಾತ್ರ ನಾವು ಹಾಗೆ ಹಾಗೇ ತರುವಂತಿಲ್ಲ. ಶಹರದ ಬಡವನ ಮನೆ ಸಣ್ಣದು, ಚದರಡಿ ಲೆಕ್ಕ ಅವನಿಗೆ ಸರಿ. ರೈತನ ಮನೆಯೊಳಗೆ ಪಡಸಾಲೆ ಇದೆ, ಗೋದಲಿ ಇದೆ, ಚೀಲ ಒಟ್ಟುವ ಕೋಣೆ ಇದೆ, ಹಿತ್ತಲಲ್ಲಿ ಬಣವೆ ಇದೆ. ಜನಕ್ಕೆ ನಾಲ್ಕು ಅಂಕಣ, ದನಕ್ಕೆ ನಾಲ್ಕು ಅಂಕಣ. ಟೇಪು ಹಿಡಿದರೆ ಬಡ ರೈತನೂ ಬಂಗಲೆಯ ಮಾಲೀಕ! ಕುಡತಿನಿಯ ಬೂದಿದಿಬ್ಬ ನೋಡಿದವರಿಗೆ ಗೊತ್ತು, ಸಾವಿರಾರು ವರ್ಷದ ಹಿಂದೆಯೇ ದನ ಕಟ್ಟಿಕೊಂಡು ಬದುಕಿದವರ ಸಗಣಿ ಸುಟ್ಟ ಬೂದಿ ಅದು. ಈ ಸೀಮೆಯಲ್ಲಿ ದನ ಬಿಟ್ಟು ಮನೆ ಇಲ್ಲ. ಕೊಟ್ಟಿಗೆಯನ್ನೂ ವಾಸದ ಕಟ್ಟಡವೆಂದು ಅಳೆಯುವುದು ಬೇಸಾಯಕ್ಕೇ ಕರ ಹಾಕಿದಂತೆ.

"ಎಲ್ಲರಿಗೂ ಮಾಫಿ ಮಾಡಿದರೆ ನಲ್ಲಿಗೆ ನೀರು ಎಲ್ಲಿಂದ? ಬೀದಿ ದೀಪಕ್ಕೆ ದುಡ್ಡು ಎಲ್ಲಿಂದ?" ಎಂದು ಪಂಚಾಯಿತಿಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನೀರು, ದೀಪ, ಚರಂಡಿ ಪುಕ್ಕಟೆ ಬರುವುದಿಲ್ಲ. ಹದಿನೈದನೇ ಹಣಕಾಸು ಆಯೋಗವೂ ಪಟ್ಟಣಗಳು ಆಸ್ತಿ ತೆರಿಗೆಯ ಕನಿಷ್ಠ ದರ ಗೊತ್ತುಮಾಡದಿದ್ದರೆ ಅನುದಾನವಿಲ್ಲ ಎಂದು ಷರತ್ತು ಹಾಕಿತ್ತು. ಆದ್ದರಿಂದ ನಾವು ಎಲ್ಲವನ್ನೂ ಮಾಫಿ ಮಾಡಿ ಅನ್ನುವುದಿಲ್ಲ. ನೀರಿನ ಶುಲ್ಕ ಕಟ್ಟೋಣ. ಬಾಡಿಗೆ ಕೋಣೆ ಸಾಲು ಕಟ್ಟಿಸಿದ ರೈತ ಆ ಕೋಣೆಗಳಿಗೆ ಕಂದಾಯ ಕಟ್ಟಲಿ, ಅದು ಆದಾಯ. ಬೆಲೆ ಏರಲಿ ಎಂದು ಖಾಲಿ ಸೈಟು ಹಿಡಿದು ಕೂತವರು ಕಟ್ಟಲಿ. ಗೋದಾಮು, ಕಲ್ಯಾಣ ಮಂಟಪ, ಅಂಗಡಿ ಸಾಲು, ಕಾರ್ಖಾನೆ ಕಟ್ಟಲಿ. ಯಾರಿಂದ ಊರಿನ ಬೆಲೆ ಏರಿತೋ, ಯಾರು ಆ ಏರಿಕೆಯನ್ನು ದುಡ್ಡು ಮಾಡಿಕೊಂಡರೋ, ಮೊದಲು ಅವರು. ಇರುವ ಒಂದು ಮನೆಯವನು ಕೊನೆಗೆ.

ಕಂದಾಯದ ಕಾಲವೂ ನಮ್ಮ ಕಾಲವಲ್ಲ. ಪಟ್ಟಣಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ನೂರಕ್ಕೆ 2 ದಂಡ. ತಿಂಗಳ ಸಂಬಳದವನಿಗೆ ಏಪ್ರಿಲ್ ಒಂದೇ, ಡಿಸೆಂಬರ್ ಒಂದೇ. ನಮಗೆ? ಹತ್ತಿ, ಮೆಣಸಿನಕಾಯಿ ದುಡ್ಡು ಬೇಸಿಗೆಗೆ ಮುಂಚೆ ಬಂದು, ಗೊಬ್ಬರದಂಗಡಿ ಬಾಕಿಗೆ, ಸೊಸೈಟಿ ಸಾಲಕ್ಕೆ ಹೋಗಿ, ಏಪ್ರಿಲ್‌ಗೆ ಕೈ ಖಾಲಿ. ದಂಡ ಶುರುವಾಗುವುದು ಸರಿಯಾಗಿ ಬಿತ್ತನೆ ಹೊತ್ತಿಗೆ. ಅಂದರೆ ರಿಯಾಯಿತಿ ನೌಕರನಿಗೆ, ದಂಡ ರೈತನಿಗೆ. ತಿಂಗಳಿಗೆ 2 ಅಂದರೆ ವರ್ಷಕ್ಕೆ 24. 2023ರಿಂದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಎಂದು ಹೇಳುವ ಸರ್ಕಾರ, ಅದೇ ರೈತನ ಮನೆ ಬಾಕಿಗೆ ಬಡ್ಡಿ ಸಾಹುಕಾರನ ದರ ಹಾಕುವುದು ಹೇಗೆ? 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ರೈತರು ಹೇಗೆ ರೊಚ್ಚಿಗೆದ್ದರೆಂದು ಎಲ್ಲರೂ ಕಂಡಿದ್ದೇವೆ. ಬೆಳೆಯ ಬೆಲೆ ಬಿದ್ದ ವರ್ಷ ಮನೆಯ ಬೆಲೆಯನ್ನು ಯಾರಾದರೂ ಇಳಿಸಿ ಬರೆದರೇ?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕೇ ನಾಲ್ಕು.

ಒಂದು: ಬೇಸಾಯವನ್ನೇ ನಂಬಿದ ಕುಟುಂಬ ತಾನೇ ವಾಸವಿರುವ ಒಂದು ಮನೆಗೆ ಕಂದಾಯ ಪೂರ್ತಿ ಬಿಡಬೇಕು. ಅಲ್ಲಿಯವರೆಗೆ ಕನಿಷ್ಠ ಬೆಂಗಳೂರಿನವರಿಗೆ ಕೊಟ್ಟಂತೆ ಬಾಡಿಗೆ ಮನೆಯ ಅರ್ಧ ದರವನ್ನು ಪ್ರತಿ ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಯಲ್ಲೂ ಜಾರಿ ಮಾಡಬೇಕು.

ಎರಡು: ಕೊಟ್ಟಿಗೆ, ಬಣವೆ ಜಾಗ, ಕಾಳಿನ ಕೋಣೆಯನ್ನು ಅಳತೆಯಿಂದ ಬಿಡಬೇಕು.

ಮೂರು: ಹಳೇ ಊರಿನ ವಾಸದ ಮನೆಗೆ ಮಾರ್ಗಸೂಚಿ ಬೆಲೆಯ ಏರಿಕೆಯನ್ನು ಹಚ್ಚಬಾರದು. ಮಾರಿದ ದಿನ ಲೆಕ್ಕ ಹಾಕಲಿ.

ನಾಲ್ಕು: ರೈತನ ಕಂದಾಯದ ಗಡುವು ಸುಗ್ಗಿಗೆ ಹೊಂದಿಕೊಂಡಿರಬೇಕು. ತಿಂಗಳಿಗೆ 2ರ ದಂಡ ಹೋಗಬೇಕು.

ಹಳ್ಳಿಗಳ ಮಟ್ಟಿಗೆ ಇದಕ್ಕೆ ಹೊಸ ಕಾಯಿದೆಯೂ ಬೇಕಿಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯ 199ನೇ ಪ್ರಕರಣವೇ, ಸರ್ಕಾರ ಗೊತ್ತುಪಡಿಸಿದ ವಿನಾಯಿತಿಗಳಿಗೆ ಒಳಪಟ್ಟು ಕಂದಾಯ ಹಾಕಬೇಕು ಎನ್ನುತ್ತದೆ. ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಬೇಕಾದ್ದು ಮನಸ್ಸು.

ಅಲ್ಲಿಯವರೆಗೆ ನಾವೇನು ಮಾಡಬೇಕು? ಚೀಟಿ ಬಂದ ದಿನ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಬೇಡಿ, ಓದಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಗೆ ಕೊಡಿ. ಅಳತೆ ಸರಿ ಇದೆಯೇ, ಕೊಟ್ಟಿಗೆ ಸೇರಿಸಿದ್ದಾರೆಯೇ, ಸ್ವಂತ ವಾಸ ಎಂದು ಬರೆದಿದ್ದಾರೆಯೇ ನೋಡಿ. ತಪ್ಪಿದ್ದರೆ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿ ಮಾತು ಕಡತಕ್ಕೆ ಹತ್ತುವುದಿಲ್ಲ. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ಅಣ್ಣತಮ್ಮಂದಿರು ಕೂತು ಇತ್ಯರ್ಥ ಮಾಡಿಕೊಂಡು ನಿಮ್ಮ ಹೆಸರಿಗೆ ಮಾಡಿಸಿ. ನಾಳೆ ವಿನಾಯಿತಿ ಬಂದರೆ ಅದು ಮಾಲೀಕನಿಗೆ ಬರುತ್ತದೆ, ಸತ್ತವರ ಹೆಸರಿಗೆ ಬರುವುದಿಲ್ಲ. ಕಟ್ಟಿದ ರಸೀದಿಗಳನ್ನು ಒಂದು ಡಬ್ಬಿಯಲ್ಲಿ ಇಡಿ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಈ ನಾಲ್ಕು ಬೇಡಿಕೆಯನ್ನು ಠರಾವು ಮಾಡಿಸಿ ಸರ್ಕಾರಕ್ಕೆ ಕಳಿಸಿ.

ಸೋತ ಬೆಳೆಗೆ ಮತ್ತೊಂದು ಮುಂಗಾರಿದೆ. ಮನೆ ಕಳೆದುಕೊಂಡವನು ಮುಂಗಾರಿಗೆ ಎಲ್ಲಿ ನಿಂತು ಕಾಯಬೇಕು? ಈ ಪ್ರಶ್ನೆಯನ್ನು ನಿಮ್ಮೂರಿನ ಕಂದಾಯ ವಸೂಲಿಗೆ ಬಂದವರ ಮೇಲೆ ಎಸೆಯಬೇಡಿ. ಅವರು ಆಳು ಮಕ್ಕಳು. ವೋಟು ಕೇಳಲು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿ.